ಒಂದೇ ತೋಳು, ಎರಡು ಬಗೆಯ ಚರ್ಮ

ಬೆಂಗಳೂರಿನಲ್ಲಿ ಬಿಸಿಲು ಚುರುಕಿಲ್ಲ ಅನ್ನುವವರೇ ಹೆಚ್ಚು. ಆದರೆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆಳುಮೋಡ ನೇರಳಾತೀತ ಕಿರಣಗಳನ್ನು ಪೂರ್ತಿ ತಡೆಯುವುದೂ ಇಲ್ಲ. ಆ ಬಿಸಿಲು ಚರ್ಮದ ಜೀವಕೋಶದೊಳಗೆ, ಡಿಎನ್‌ಎ ಮೇಲೆ ಅಂಟಿರುವ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿಗೆ, ಏನು ಮಾಡುತ್ತದೆಂದು ನೋಡಲು ಇಲ್ಲಿನ ಲ್ಯಾಬಿನಲ್ಲಿ ನಾನು ಹಿಡಿದ ದಾರಿ ಇದು.

ಎಳೆಯರನ್ನು ಹಿರಿಯರೊಂದಿಗೆ ಹೋಲಿಸಲಿಲ್ಲ. ಹಾಗೆ ಮಾಡಿದರೆ ವಂಶ, ಊಟ, ಸಿಗರೇಟು ಎಲ್ಲವೂ ಲೆಕ್ಕದೊಳಗೆ ನುಸುಳುತ್ತವೆ. ಒಪ್ಪಿಗೆ ಕೊಟ್ಟವರ ಒಂದೇ ತೋಳಿನಿಂದ ಎರಡು ಪುಟ್ಟ ಬಯಾಪ್ಸಿ (ಚರ್ಮದ ಚೂರು) ತೆಗೆದುಕೊಂಡೆ. ಒಂದು ಮೊಣಕೈ ಕೆಳಗಿನ ಹೊರಬದಿಯದು, ಇನ್ನೊಂದು ಬಿಸಿಲು ಕಾಣದ ಒಳತೋಳಿನದು. ಹುಟ್ಟಿದಾಗ ಬಂದ ಡಿಎನ್‌ಎ ಒಂದೇ, ವಯಸ್ಸೂ ಒಂದೇ.

ನನ್ನ ಮಟ್ಟಿಗೆ ಜೀವಾಳದ ಹಂತವೆಂದರೆ ಪದರ ಬಿಡಿಸುವುದು. ರಾತ್ರಿಯಿಡೀ 4 ಡಿಗ್ರಿಯಲ್ಲಿ ಡಿಸ್ಪೇಸ್ ಕಿಣ್ವದಲ್ಲಿಟ್ಟರೆ, ನೆನೆದ ಅವರೆಕಾಳು ಹಿದುಕಿದಂತೆ, ಬೆಳಿಗ್ಗೆ ಹೊರಪದರವಾದ ಎಪಿಡರ್ಮಿಸ್ ಒಳಪದರವಾದ ಡರ್ಮಿಸ್‌ನಿಂದ ಸಲೀಸಾಗಿ ಕಳಚುತ್ತದೆ. ಇದನ್ನು ಬಿಡಲೇಬಾರದು. ಹೊರಪದರದ ಕೋಶವಾದ ಕೆರಟಿನೋಸೈಟ್‌ಗೂ ಒಳಪದರದ ಕೋಶವಾದ ಫೈಬ್ರೋಬ್ಲಾಸ್ಟ್‌ಗೂ ಮಿಥೈಲ್ ಗುರುತುಗಳು ಬೀಳುವ ಜಾಗಗಳೇ ಬೇರೆ. ವಯಸ್ಸಾದಂತೆ ಹೊರಪದರ ತೆಳುವಾಗುತ್ತದೆ. ಎರಡನ್ನೂ ಬೆರೆಸಿ ಅರೆದರೆ, ಕೋಶಗಳ ಪ್ರಮಾಣ ಬದಲಾದದ್ದೇ ಮುಪ್ಪಿನ ಗುರುತಿನಂತೆ ಕಂಡುಬಿಡುತ್ತದೆ.

ಆಮೇಲಿನದು ಎಲ್ಲರೂ ಮಾಡುವ ಕೆಲಸವೇ. ಡಿಎನ್‌ಎಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದಾಗ ಮಿಥೈಲ್ ಇಲ್ಲದ ಸೈಟೋಸಿನ್ (ಡಿಎನ್‌ಎಯ ಒಂದು ಅಕ್ಷರ) ಯುರಾಸಿಲ್ ಎಂಬ ಬೇರೆ ಅಕ್ಷರವಾಗುತ್ತದೆ, ಮಿಥೈಲ್ ಇರುವುದು ಹಾಗೇ ಉಳಿಯುತ್ತದೆ. ಓದಿದಾಗ ವ್ಯತ್ಯಾಸ ಸಿಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಿರಿಯರ ಬಿಸಿಲು ತಿಂದ ಎಪಿಡರ್ಮಿಸ್‌ನಲ್ಲಿ ಜೀನೋಮಿನ ಉದ್ದುದ್ದ ಭಾಗಗಳೇ ಮಿಥೈಲ್ ಕಳೆದುಕೊಂಡಿರುವುದನ್ನು ತೋರಿಸಿತ್ತು. ನಾನು ಹುಡುಕಿದ್ದೂ ಆ ಭಾಗಗಳನ್ನೇ.

ಈ ಗುರುತುಗಳು ಮುಪ್ಪಿಗಷ್ಟೇ ಸಂಬಂಧಿಸಿದವಲ್ಲ, ಚರ್ಮ ಬೆಳೆಯುವುದೂ ಇವುಗಳನ್ನು ಅವಲಂಬಿಸಿಯೇ. ತಳಪದರದ ಕೋಶ ಒಡೆದು ಎರಡಾದಾಗಲೆಲ್ಲ ಡಿಎನ್‌ಎಂಟಿ1 ಎಂಬ ಕಿಣ್ವ ಹಳೆಯ ಗುರುತುಗಳನ್ನು ಹೊಸ ಎಳೆಗೆ ನಕಲು ಮಾಡುತ್ತದೆ. ಅದನ್ನು ತಗ್ಗಿಸಿದರೆ ಕೋಶ ವಿಭಜನೆ ಬಿಟ್ಟು ಅವಧಿಗೆ ಮುಂಚೆಯೇ ಮಾಗತೊಡಗುತ್ತದೆ, ಅಂದರೆ ಮೇಲ್ಪದರದ ಪಕ್ವ ಕೋಶವಾಗತೊಡಗುತ್ತದೆ ಎಂದು 2010ರಲ್ಲೇ ಗೊತ್ತಾಗಿದೆ. ತಟ್ಟೆಯಲ್ಲಿ ಕೆರಟಿನೋಸೈಟ್ ಬೆಳೆಸುವಾಗ ಕ್ಯಾಲ್ಸಿಯಂ ಏರಿಸಿದರೆ ಮಾಗುವಿಕೆ ಶುರುವಾಗುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೆಂದರೆ ನನಗೆ ಇಂದಿಗೂ ಸಂಭ್ರಮ.

ನೆಂಟರು ಚರ್ಮವನ್ನು ಎಳೆಯದಾಗಿಸುತ್ತದೆನ್ನುವ ‘ಡಿಎನ್‌ಎ ಕ್ರೀಮ್’ ಬಗ್ಗೆ ಕೇಳುತ್ತಾರೆ. ವಿಜ್ಞಾನಿ ಸ್ಟೀವ್ ಹಾರ್ವತ್ ತಂಡ 2018ರಲ್ಲಿ ಕೊಟ್ಟ ಚರ್ಮ-ರಕ್ತದ ‘ಗಡಿಯಾರ’ ಡಿಎನ್‌ಎಯ 391 ಜಾಗಗಳ ಮಿಥೈಲ್ ನೋಡಿ ವಯಸ್ಸು ಅಂದಾಜಿಸುತ್ತದೆ. ಆ ಅಂದಾಜು ವಯಸ್ಸು ತುಸು ಇಳಿದ ಮಾತ್ರಕ್ಕೆ ಚರ್ಮ ಎಳೆಯದಾಯಿತು ಅನ್ನಲಾಗದು. ಅಳೆದದ್ದು ಯಾವ ಪದರ, ಯಾವ ಕೋಶ ಎಂದು ಮೊದಲು ಕೇಳಿ ಅನ್ನುತ್ತೇನೆ. ಸದ್ಯಕ್ಕೆ ಸನ್‌ಸ್ಕ್ರೀನ್ ಹಚ್ಚಿ, ತುಂಬುತೋಳಿನ ಅಂಗಿ ತೊಡಿ, ಮೋಡ ಕವಿದ ದಿನವೂ.