ಛೇದ ಸೊನ್ನೆಯಾದಾಗ ಗಾಬರಿ ಬೇಡ

ಎಕ್ಸ್ ಒಂದು ಬೆಲೆಯ ಹತ್ತಿರ ಹತ್ತಿರ ಬಂದಂತೆ ಉತ್ತರ ಎತ್ತ ಸಾಗುತ್ತದೆ ಎಂಬುದೇ ಲಿಮಿಟ್; ಉತ್ತರ ಮಿತಿಯಿಲ್ಲದೆ ಬೆಳೆದರೆ ಅದು ಅನಂತ (∞) ಲಿಮಿಟ್. ಪಿಯುಸಿ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನಾನು ಮೊದಲು ವ್ಯಾಖ್ಯೆ ಬರೆಯುವುದಿಲ್ಲ, ಕ್ಯಾಲ್ಕುಲೇಟರ್ ತೆಗೆಸುತ್ತೇನೆ. (ಎಕ್ಸ್ + 1)/(ಎಕ್ಸ್ − 3) ನೋಡಿ. ಎಕ್ಸ್‌ಗೆ 3.1 ಹಾಕಿದರೆ 41, 3.01ಕ್ಕೆ 401, 3.001ಕ್ಕೆ 4001. ಈಗ ಎಡದಿಂದ ಬನ್ನಿ: 2.9ಕ್ಕೆ −39, 2.99ಕ್ಕೆ −399. ಬಲಗಡೆ ಮುಗಿಲು, ಎಡಗಡೆ ಪಾತಾಳ. ಎರಡೂ ಕಡೆ ಒಂದೇ ಉತ್ತರ ಬರದ ಕಾರಣ 3ರಲ್ಲಿ ಲಿಮಿಟ್ ಇಲ್ಲ ಎಂದೇ ಬರೆಯಬೇಕು. ಛೇದ (ಎಕ್ಸ್ − 3)ರ ವರ್ಗವಾಗಿದ್ದರೆ ಎರಡೂ ಕಡೆ ಧನ, ಉತ್ತರ +∞.

ಪರೀಕ್ಷೆಯಲ್ಲಿ ಇಷ್ಟೆಲ್ಲ ಬೇಕಿಲ್ಲ. ಬೆಲೆ ಹಾಕಿ; ಅಂಶ ಸೊನ್ನೆಯಲ್ಲದೆ ಛೇದ ಮಾತ್ರ ಸೊನ್ನೆಯಾದರೆ, ಒಂದೊಂದು ಕಡೆಯಿಂದ ಚಿಹ್ನೆ ನೋಡಿದರೆ ಮುಗಿಯಿತು. ಎರಡೂ ಸೊನ್ನೆಯಾದರೆ ಮಾತ್ರ ಅಪವರ್ತಿಸಿ: (ಎಕ್ಸ್² − 9)/(ಎಕ್ಸ್ − 3)ರಲ್ಲಿ (ಎಕ್ಸ್ − 3) ಹೊಡೆದುಹೋಗಿ (ಎಕ್ಸ್ + 3) ಉಳಿಯುತ್ತದೆ, ಕೊನೆಗೆ ಸಾಧುವಾಗಿ 6 ಕೊಡುತ್ತದೆ.

ಮೊದಲ ಉದಾಹರಣೆಯಲ್ಲಿ ಎಕ್ಸ್‌ಗೆ ನೇರವಾಗಿ 3 ಹಾಕಿ ‘4/0 = ∞’ ಎಂದು ಬರೆದವರಿಗೆ ನಾನು ಅರ್ಧ ಅಂಕ ಕಳೆಯುತ್ತೇನೆ, ಮುಲಾಜಿಲ್ಲ. ∞ ಸಂಖ್ಯೆಯಲ್ಲ. ನೀವು ಎಷ್ಟೇ ದೊಡ್ಡ ಮೊತ್ತ ಕೂಗಿದರೂ ಅದನ್ನು ದಾಟುತ್ತೇನೆ ಎಂಬ ಸವಾಲು ಅದು. ಹತ್ತು ಲಕ್ಷ ಎನ್ನುತ್ತೀರಾ? ಅದೇ ಉದಾಹರಣೆಯಲ್ಲಿ 3.000004 ಹಾಕಿ, 10,00,001 ಬರುತ್ತದೆ.