ಮೂರು ಬುಟ್ಟಿ, ಒಂದು ಇಕ್ಕಳ

ಪ್ರಾಣಿ, ಸಸ್ಯ, ಖನಿಜ ಎಂದು ಮೂರು ಬುಟ್ಟಿ ಇಟ್ಟು ಮನೆಬಳಕೆಯ ವಸ್ತುಗಳನ್ನು ವಿಂಗಡಿಸುವ ಪಾಠ ಮೊದಲ ಎರಡು ವರ್ಷ ನನಗೆ ಒಲಿಯಲೇ ಇಲ್ಲ. "ಮೇಷ್ಟ್ರು ಸಂತೆಯಲ್ಲಿ ಅಂಗಡಿ ಹೂಡುತ್ತಾರಂತೆ" ಎಂದು ಜೊತೆಯ ಶಿಕ್ಷಕರು ನಗುತ್ತಿದ್ದರು. ಈ ವರ್ಷ ಅವರೇ ಬುಟ್ಟಿಗಳನ್ನು ಕೇಳಿ ಒಯ್ದಿದ್ದಾರೆ.

ದುಡ್ಡು ಹಾಳಾದದ್ದು ಬಣ್ಣದ ಚಿತ್ರಪಟಗಳಿಗೆ, ಹತ್ತಿರ ಹತ್ತಿರ 1,200 ರೂಪಾಯಿ. ಮಕ್ಕಳು ಪಟ ನೋಡಿ ಗಿಳಿಪಾಠ ಒಪ್ಪಿಸಿದರು. ಪೆನ್ಸಿಲ್ ಕೈಗೆ ಕೊಟ್ಟರೆ ಬುಟ್ಟಿಗಳ ಮುಂದೆ ಕಕ್ಕಾಬಿಕ್ಕಿ. ಮರವೆಂದು ಸಸ್ಯದ ಬುಟ್ಟಿಗೆ ಹಾಕಿದರೆ ಒಳಗಿನ ಗ್ರಾಫೈಟು, ಜೇಡಿಮಣ್ಣಿನ ಗತಿ? ಸಿಟ್ಟಿನಲ್ಲಿ ಪೆನ್ಸಿಲನ್ನು ಉದ್ದಕ್ಕೆ ಸೀಳಿಬಿಟ್ಟೆ. ದಾರಿ ಸಿಕ್ಕಿದ್ದು ಅಲ್ಲೇ. ಯಾವುದನ್ನೂ ಇಡಿಯಾಗಿ ಹಾಕುವಂತಿಲ್ಲ, ಬಿಚ್ಚಿಯೇ ಹಾಕಬೇಕು. ಗುಜರಿಯ ಇಕ್ಕಳ, ಮುರುಕು ಸಾಮಾನು ಎಲ್ಲ ಸೇರಿ 150 ರೂಪಾಯಿ ದಾಟಲಿಲ್ಲ.

ಚನ್ನಪಟ್ಟಣದ ಒಡೆದ ಬುಗುರಿ ಬಂದ ದಿನ ತರಗತಿಯೇ ಎದ್ದು ನಿಂತಿತು. ಮರ ಹಾಲೆಯದು, ಅಲ್ಲಿಗೆ ತಕರಾರಿಲ್ಲ. ಮೇಲಿನ ಹೊಳಪನ್ನು ಬ್ಲೇಡಿನಿಂದ ಹೆರೆದು, ಚಮಚದಲ್ಲಿಟ್ಟು ಮೇಣದಬತ್ತಿಗೆ ಹಿಡಿದೆ. ಅರಗು ಕರಗಿ, ಕಡ್ಡಿಯಿಂದ ಮುಟ್ಟಿದರೆ ಎಳೆಯೆಳೆಯಾಗಿ ಬಂತು. ಇದು ಕೀಟ ಒಸರಿದ್ದು, ಪ್ರಾಣಿಯ ಬುಟ್ಟಿಗೆ ಹೋಗಬೇಕು ಎಂದರೆ ಯಾರೂ ಒಪ್ಪಲಿಲ್ಲ. ಆಮೇಲೆ ಯಾವ ವಸ್ತು ಕೊಟ್ಟು ಒಪ್ಪಿಸಿದೆ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಆ ಸರದಿ ಹೊಂದಿಸಲು ನನಗೆ ಒಂದು ವರ್ಷವೇ ಹಿಡಿದಿದೆ.

ನಡುವೆ ನಿಂಬೆರಸದ ಹುಚ್ಚು ಹತ್ತಿತು. ನೊರೆ ಬಂದರೆ ಖನಿಜ ಎಂದು ಸಾರಿ, ಸುಣ್ಣಕಲ್ಲಿನ ಪುಡಿಯ ಮೇಲೆ ಹಿಂಡಿದೆ. ಬಂತು. ಮೊಟ್ಟೆಯ ಚಿಪ್ಪಿಗೂ ಬಂತು, ಕಪ್ಪೆಚಿಪ್ಪಿಗೂ ಬಂತು! ಮೂರರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟೇ. ಗೊತ್ತಿಲ್ಲದ ಸಂಗತಿಯಲ್ಲ, ಹುಮ್ಮಸ್ಸಿನಲ್ಲಿ ಮರೆತಿದ್ದೆ. ಸೀಮೆಸುಣ್ಣ ಮಾತ್ರ ಜಪ್ಪಯ್ಯ ಎನ್ನಲಿಲ್ಲ, ನಮ್ಮಲ್ಲಿದ್ದದ್ದು ಜಿಪ್ಸಮ್ಮಿನದು; ಅದೂ ಖನಿಜವೇ, ಆದರೆ ಕಾರ್ಬೊನೇಟ್ ಅಲ್ಲ. ಎಂಟು ಹತ್ತು ನಿಂಬೆಹಣ್ಣು ದಂಡವಾಯಿತು. ಅಂದಿನಿಂದ ಸುಣ್ಣವನ್ನು ಕಂಡರೆ ಮಕ್ಕಳು ಊರು ವಿಚಾರಿಸುತ್ತಾರೆ: ಕರಾವಳಿಯ ಚಿಪ್ಪು ಸುಟ್ಟದ್ದಾದರೆ ಪ್ರಾಣಿಗೆ, ಕಲ್ಲು ಸುಟ್ಟದ್ದಾದರೆ ಖನಿಜಕ್ಕೆ.

ಪ್ಲಾಸ್ಟಿಕ್ಕನ್ನು ಕಲ್ಲೆಣ್ಣೆಯ ಮಗುವೆಂದು ಖನಿಜಕ್ಕೆ ತಳ್ಳುತ್ತೇನೆ, ಹೆಚ್ಚು ಚರ್ಚೆಗೆ ಬಿಡುವುದಿಲ್ಲ.

ನನ್ನನ್ನು ಸೋಲಿಸಿದ್ದು ವಿಭೂತಿ. ಒಬ್ಬ ಹುಡುಗಿ ಮನೆಯಲ್ಲೇ ಸಗಣಿ ಸುಟ್ಟು ಮಾಡಿದ್ದನ್ನು ತಂದಳು. ಹಸು ತಿಂದದ್ದು ಹುಲ್ಲು, ಹಾಕಿದ್ದು ಸಗಣಿ, ಉಳಿದದ್ದು ಬೂದಿ. ಮೂವತ್ತು ಮಕ್ಕಳು ಮೂರು ಪಕ್ಷವಾದರು. ಆ ಗಟ್ಟಿ ಈಗಲೂ ಕಿಟಕಿಯ ಕಟ್ಟೆಯ ಮೇಲೆಯೇ ಇದೆ.