ಅಮೆರಿಕಾ ಭಾವನ ಜೊತೆ ಗನ್ ವಿಷಯ ವಾದ ಮಾಡೋದು ಹೇಗೆ

ದಸರಾ ರಜಕ್ಕೆ ಮೈಸೂರಿಗೆ ಬಂದಿರೋ ಭಾವ ಊಟ ಆದ್ಮೇಲೆ ಫೋನ್ ತೆಗ್ದು ತನ್ನ ಎಆರ್-15 ರೈಫಲ್ ಫೋಟೋ ತೋರ್ಸಿದ್ರೆ ತಕ್ಷಣ "ಗನ್ನೇ ಬೇಡ" ಅಂತ ಹಾರಾಡ್ಬೇಡಿ. ಮದ್ದೂರಿನ ಮಾವ ಹಂದಿ ಕಾಟಕ್ಕೆ ಕೋವಿ ಇಟ್ಕೊಂಡಿಲ್ವಾ ಅಂತ ಕೇಳ್ತಾನೆ, ನೀವು ಅಲ್ಲೇ ಸೋತ್ರಿ. ಹೌದಪ್ಪಾ ಅನ್ನಿ. ನಮ್ಮ 1959ರ ಆರ್ಮ್ಸ್ ಆಕ್ಟಲ್ಲೇ ಬೆಳೆ ಕಾಯೋಕೆ ಕೋವಿ ಲೈಸೆನ್ಸ್ ಕೊಡ್ತಾರೆ, ಆದ್ರೆ ಆ ನಾಡಕೋವಿ ಒಂದ್ಸಲ ಢಂ ಅಂದ್ಮೇಲೆ ಮತ್ತೆ ಮದ್ದು ತುಂಬಿ ಕಡ್ಡಿಲಿ ಜಡಿಯೋಷ್ಟರಲ್ಲಿ ಹಂದಿ ಕಬ್ಬಿನ ಗದ್ದೆ ದಾಟಿ ಪಕ್ಕದೂರು ಸೇರಿರುತ್ತೆ. ಭಾವನ ರೈಫಲ್‌ಗೆ 30 ಗುಂಡಿನ ಮ್ಯಾಗಝೀನ್, ಖಾಲಿ ಆದ್ರೆ ಕಿತ್ತು ಇನ್ನೊಂದು ಸಿಗಿಸೋದಷ್ಟೇ. ಜಗಳ ಇರೋದು ಇದ್ರ ಮೇಲೆ.

ಅದನ್ನ ಮಷಿನ್ ಗನ್ ಅಂತ ಮಾತ್ರ ಕರೀಬೇಡಿ. ಮಷಿನ್ ಗನ್ ಟ್ರಿಗರ್ ಒತ್ತಿ ಹಿಡಿದ್ರೆ ಗುಂಡು ಹಾರ್ತಾನೇ ಇರುತ್ತೆ, ಭಾವನ ರೈಫಲಲ್ಲಿ ಟ್ರಿಗರ್ ಒಂದ್ಸಲ ಎಳೆದ್ರೆ ಒಂದೇ ಗುಂಡು, ಈ ತಪ್ಪು ಹಿಡ್ಕೊಂಡೇ ಅರ್ಧ ಗಂಟೆ ಕೊರೀತಾನೆ. ಬದ್ಲು, ಮಷಿನ್ ಗನ್‌ಗೆ ನಿಮ್ಮ ದೇಶವೇ 1934ರಲ್ಲಿ ಟ್ಯಾಕ್ಸು, ರಿಜಿಸ್ಟ್ರೇಷನ್ನು ಹಾಕ್ತು, 1986ರಿಂದ ಹೊಸದನ್ನ ಜನರಿಗೆ ಮಾರೋದೇ ನಿಲ್ತು, ಅಂದ್ಮೇಲೆ ಗೆರೆ ಎಳೆಯೋದು ಹೊಸದೇನಲ್ವಲ್ಲ ಅಂತ ಕೇಳಿ. ಗನ್ ಇಟ್ಕೊಳ್ಳೋದು ನಮ್ಮ ಅಮೆರಿಕಾ ಸಂವಿಧಾನದ ಹಕ್ಕು ಅಂತ ಭಾವ ಅಂದ್ರೆ, ಆ ಹಕ್ಕು ಒಬ್ಬೊಬ್ಬರಿಗೂ ಇದೆ ಅಂದ ಅಲ್ಲಿನ ಸುಪ್ರೀಂ ಕೋರ್ಟಿನ 2008ರ ತೀರ್ಪೇ ಅದಕ್ಕೆ ಮಿತಿ ಇದೆ ಅಂತಾನೂ ಹೇಳಿದೆ.

ಅಲ್ಲಿ ಜಾಸ್ತಿ ಕೊಲೆ ಆಗೋದು ಕೈ ಪಿಸ್ತೂಲಿಂದ. ಇದನ್ನ ಅವನು ಹೇಳೋಕ್ ಮುಂಚೆ ನೀವೇ ಹೇಳ್ಬಿಡಿ, ನಿಜ ತಾನೆ. ಆಮೇಲೆ, ಒಂದೇ ದಾಳೀಲಿ ಎಷ್ಟು ಜನ ಸಾಯ್ತಾರೆ ಅನ್ನೋದಕ್ಕೆ ಬನ್ನಿ. ಲಾಸ್ ವೇಗಸ್‌ನಲ್ಲಿ 2017ರಲ್ಲಿ ಒಬ್ಬನೇ ಹೋಟೆಲ್ ರೂಮಿಂದ ಹತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸ್ದ, 60 ಜನ ಹೋದ್ರು. "ಒಳ್ಳೇವ್ರ ಕೈಲಿ ಗನ್ ಇದ್ದಿದ್ರೆ ತಡೀತಿದ್ರು" ಅನ್ನೋ ಡೈಲಾಗ್ ಬಂದೇ ಬರುತ್ತೆ. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿ ಸ್ಕೂಲಲ್ಲಿ ಗುಂಡು ಹಾರಿಸ್ತಿದ್ದೋನು ಕ್ಲಾಸ್‌ರೂಮಲ್ಲಿದ್ರೂ ಗನ್ ಹಿಡ್ದ ಪೊಲೀಸರೇ ಒಂದು ಗಂಟೆಗೂ ಹೆಚ್ಚು ಹೊತ್ತು ಕಾರಿಡಾರಲ್ಲಿ ನಿಂತಿದ್ರು, ಅವತ್ತು ಸತ್ತಿದ್ದು 19 ಮಕ್ಕಳು, ಇಬ್ರು ಟೀಚರ್. ಇದನ್ನ ಮೆತ್ತಗೆ ಹೇಳಿ, ಭಾವನ ಮಕ್ಕಳೂ ಅದೇ ದೇಶದ ಸ್ಕೂಲಿಗೆ ಹೋಗೋದು. ಅಕ್ಕ ಅಡುಗೆಮನೆಯಿಂದ ಕಣ್ಣು ಬಿಟ್ರೆ ಅಲ್ಲಿಗೆ ನಿಲ್ಸಿ, ಮಿಕ್ಕಿದ್ದು ಬೆಟ್ಟಕ್ಕೆ ಹೋಗೋವಾಗ ಕಾರಲ್ಲಿ.

ಆಸ್ಟ್ರೇಲಿಯಾನ ಕಾರಿಗೇ ಇಟ್ಕೊಳ್ಳಿ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನ ಗುಂಡಿಗೆ 35 ಜನ ಸತ್ರು, ಗನ್ ಕಾನೂನು ಬಿಗಿ ಮಾಡೋಕೆ ಎರಡು ವಾರದೊಳಗೆ ಅಲ್ಲಿನ ರಾಜ್ಯಗಳೆಲ್ಲ ಒಪ್ಕೊಂಡ್ವು, ಸರ್ಕಾರ ದುಡ್ಡು ಕೊಟ್ಟೇ 6 ಲಕ್ಷಕ್ಕೂ ಹೆಚ್ಚು ಗನ್ ವಾಪಸ್ ತಗೊಳ್ತು. ಅಲ್ಲಿನ ರೈತರ ಹತ್ರ ಇವತ್ತಿಗೂ ಗನ್ ಇದೆ.